ಎರಡನೇ ಕ್ಲಾಸಿಗೆ ಹೊರಟ ಹುಂಜ

ಎಲ್ಲದಕ್ಕೂ ಕಾರಣ ನಶೀದಾ ಟೀಚರು ಎರಡನೇ ಕ್ಲಾಸಿನ ಪೋಷಕರ ವಾಟ್ಸಪ್ ಗ್ರೂಪಿಗೆ ಹಾಕಿದ ನಾಲ್ಕು ಸಾಲು. ಬರುವ ಶನಿವಾರ ಮಕ್ಕಳಿಗೆ ಚೀಲವಿಲ್ಲದ ದಿನ. ವಿಷಯ, ನಮ್ಮ ಸುತ್ತಲಿನ ಪ್ರಾಣಿ ಪಕ್ಷಿಗಳು. ಸಾಕಿದ್ದು ಇದ್ದವರು ದೊಡ್ಡವರ ಜೊತೆ ತರಬಹುದು, ಇಲ್ಲದವರು ಚಿತ್ರ ತಂದರೂ ಸಾಕು. ಪ್ರತಿಯೊಂದು ಮಗುವೂ ಎದ್ದು ನಿಂತು ಐದು ವಾಕ್ಯ ಮಾತಾಡಬೇಕು.

ಆ ಕೊನೆಯ ಸಾಲನ್ನು ಕಿಶನ್ ಮೂರು ಸಲ ಓದಿದ. ಅವನು ದರ್ಬೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ಮಾತು ಕಡಿಮೆ. ಗಿರಾಕಿಗಳ ಮುಂದೆ ಸೀರೆ ಬಿಡಿಸಿ ಹಾಸುತ್ತಾನೆ, ಉಳಿದದ್ದನ್ನು ಸೀರೆಯೇ ಮಾತಾಡಿಕೊಳ್ಳಲಿ ಎಂದು ಬಿಡುತ್ತಾನೆ. ಮಗ ದಿಶಾಂತ್ ಅಪ್ಪನನ್ನೂ ಮೀರಿಸಿದವನು. ಶಾಲೆಗೆ ಸೇರಿ ಒಂದೂವರೆ ವರ್ಷವಾದರೂ ಅಲ್ಲಿ ಬಾಯಿ ಬಿಟ್ಟವನಲ್ಲ. ಮನೆಯಲ್ಲಿ ತಲೆಗೆ ನೀರು ಹೊಯ್ಯುವಾಗಲೂ ನಿಲ್ಲದ ಮಾತು ಶಾಲೆಯ ಆಟೋ ಹತ್ತಿದ್ದೇ ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತಿತ್ತು. ಹಾಜರಿ ಕರೆದರೆ ಕೈ ಎತ್ತುವುದು, ನೀರು ಬೇಕಾದರೆ ಬಾಟಲಿ ಎತ್ತುವುದು. ಕಳೆದ ತಿಂಗಳು ಕೊಯಿಲದ ಜಾನುವಾರು ಫಾರಂಗೆ ಪ್ರವಾಸ ಹೋದಾಗ ಯಾರಿಗೆ ಏನು ಇಷ್ಟವಾಯಿತು ಹೇಳಿ ಎಂದರೆ, ಇವನು ಟೀಚರ ಕೈ ಹಿಡಿದು ಅರ್ಧ ಫಾರಂ ನಡೆಸಿಕೊಂಡು ಹೋಗಿ ಒಂದು ಕರುವಿನ ಮುಂದೆ ನಿಲ್ಲಿಸಿದ್ದ. ಮರುದಿನ ಹೆಡ್‌ಮಾಸ್ಟರು, "ಒಮ್ಮೆ ಡಾಕ್ಟರಿಗೆ ತೋರಿಸಿ ನೋಡಿ" ಎಂದಿದ್ದರು. ಅವತ್ತು ಕಿಶನನ ಹೆಂಡತಿ ಸುಪ್ರಿತಾ ಪಲ್ಯಕ್ಕೆ ಬೇಕಾದದ್ದಕ್ಕಿಂತ ಮೂರು ಪಾಲು ಹೆಚ್ಚು ಈರುಳ್ಳಿ ಕೊಚ್ಚಿದಳು. ಅವಳು ಕಣ್ಣೊರೆಸಿಕೊಳ್ಳುವಾಗ ಯಾರೂ ಏನೂ ಕೇಳಲಿಲ್ಲ.

ಶುಕ್ರವಾರ ಟೀಚರೇ ಫೋನ್ ಮಾಡಿದರು.

"ಕಿಶನಣ್ಣ, ದಿಶಾಂತ್ ಇವತ್ತು ನನ್ನ ಕಿವಿಯಲ್ಲಿ ಒಂದು ಶಬ್ದ ಹೇಳಿದ. ಕೋಳಿ ಅಂತ."

"ಹೇಳಿದನಾ? ಬಾಯಲ್ಲಿ?"

"ಬಾಯಲ್ಲೇ. ನಿಜವಾದ ಕೋಳಿ ತಂದ್ರೆ ಮಾತಾಡ್ತೀಯಾ ಕೇಳಿದೆ, ತಲೆ ಆಡಿಸಿದ. ಹೇಗಾದ್ರೂ ಮಾಡಿ ಒಂದು ತನ್ನಿ. ಚಿತ್ರ ಬೇಡ."

ಬಾಡಿಗೆ ಮನೆ. ಕೋಳಿ ಬಿಡಿ, ಬೆಕ್ಕಿಗೂ ಜಾಗವಿಲ್ಲ. ಆದರೆ ಹಿಂಬದಿ ಮನೆಯ ಕದೀಜಮ್ಮ ಊರ ಕೋಳಿ ಸಾಕುವವರು. ಅವರ ಕೆಂಪು ಹುಂಜ ದಿನಾ ಇವರ ಹಿತ್ತಿಲಿಗೆ ಬಂದು ದಿಶಾಂತನ ಕೈಯಿಂದ ಅನ್ನ ತಿಂದು ಹೋಗುವಂಥದ್ದು. ಸುಪ್ರಿತಾ ಹೋಗಿ ಕೇಳಿದಳು. ಕದೀಜಮ್ಮ ಒಪ್ಪಿದರು, ಒಂದೇ ಷರತ್ತು.

"ಮಧ್ಯಾಹ್ನದ ಊಟಕ್ಕೆ ಮೊದಲು ತಂದು ಬಿಡ್ಬೇಕು ಮಗಳೇ. ಇಲ್ಲದಿದ್ರೆ ನನ್ನ ಹೇಂಟೆಗಳೆಲ್ಲ ಅದನ್ನು ಹುಡುಕಿಕೊಂಡು ರಸ್ತೆಗೆ ಇಳೀತವೆ."

ರಾತ್ರಿ ಊಟವಾದ ಮೇಲೆ ಸುಪ್ರಿತಾ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಐದು ವಾಕ್ಯ ಕಲಿಸಿದಳು. ಇದು ಕೋಳಿ. ಇದಕ್ಕೆ ಎರಡು ಕಾಲು ಇವೆ. ಇದು ಕಾಳು ತಿನ್ನುತ್ತದೆ. ಇದು ಬೆಳಿಗ್ಗೆ ಕೂಗುತ್ತದೆ. ನನಗೆ ಕೋಳಿ ಇಷ್ಟ. ಐದೂ ಗಳಗಳ ಬಂತು. ಅವಳು ಆಸ್ಪತ್ರೆಯಲ್ಲಿ ನರ್ಸು, ಶನಿವಾರ ಬೆಳಗಿನ ಡ್ಯೂಟಿ. ಹೊರಡುವ ಮೊದಲು ಗಂಡನಿಗೂ ಪಾಠವಾಯಿತು.

"ನೀವೂ ಸ್ವಲ್ಪ ಮಾತಾಡಿ. ಅಪ್ಪ ಮಗ ಇಬ್ರೂ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಹಾಗೆ ನಿಂತು ಬರ್ಬೇಡಿ."

ಬೆಳಿಗ್ಗೆ ಏಳು ಗಂಟೆಗೆ ಕಿಶನ್ ಕದೀಜಮ್ಮನ ಅಂಗಳದಲ್ಲಿದ್ದ.

"ಹಿಡಿಯುದು ನೀನೇ ಹಿಡಿ ಮಗಾ. ನನ್ನ ಮಂಡಿಯಲ್ಲಿ ಆಗುದಿಲ್ಲ," ಎಂದು ಅವರು ಮೆಟ್ಟಿಲಲ್ಲಿ ಕೂತರು.

ಕಿಶನ್ ಹಿಡಿಯಲು ಹೋದ. ಹುಂಜ ಬಾವಿಕಟ್ಟೆ ಸುತ್ತಿತು. ಇವನೂ ಸುತ್ತಿದ. ಅದು ಕಟ್ಟಿಗೆ ರಾಶಿಯ ಮೇಲೆ ಹಾರಿತು, ಇವನು ತೆಂಗಿನಸಿಪ್ಪೆಯ ರಾಶಿಯ ಮೇಲೆ ಬಿದ್ದ. ಒಮ್ಮೆ ಕೈಗೆ ಸಿಕ್ಕಿತು, ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಗೆರೆ ಎಳೆದು ಹಾರಿಹೋಯಿತು. ಕದೀಜಮ್ಮ ಕೂತಲ್ಲಿಂದಲೇ, "ಎಡಕ್ಕೆ, ಎಡಕ್ಕೆ. ಅಲ್ಲ, ಅದರ ಎಡಕ್ಕೆ," ಎಂದು ಹೇಳುತ್ತಿದ್ದರು. ಕೊನೆಗೆ ಯೂನಿಫಾರ್ಮ್ ಹಾಕಿ ತಲೆ ಬಾಚಿ ನಿಂತಿದ್ದ ದಿಶಾಂತ್ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿದ. ಹುಂಜ ನಡೆದುಕೊಂಡು ಬಂದು ಅವನ ಮುಂದೆ ನಿಂತಿತು.

ಬುಟ್ಟಿ ಇರಲಿಲ್ಲ. ಮನೆಯಲ್ಲಿ ಬೇಕಾದಷ್ಟು ಇದ್ದದ್ದು ಅಂಗಡಿಯ ಬಟ್ಟೆಚೀಲ. ಹುಂಜವನ್ನು ಅದರೊಳಗೆ ಇಳಿಸಿ ತಲೆ ಮಾತ್ರ ಹೊರಗೆ ಬಿಟ್ಟು ಕಟ್ಟಿದರು. ಮದುವೆ ಜವಳಿ ಮುಗಿಸಿ ಹೊರಟ ಯಜಮಾನನಂತೆ ಅದು ಎರಡೂ ಕಡೆ ಕತ್ತು ತಿರುಗಿಸಿ ನೋಡಿತು.

ಗೇಟಿನ ಹತ್ತಿರ ಪಕ್ಕದ ಮನೆಯ ಚೆನ್ನಪ್ಪಣ್ಣ ಎದುರಾದರು. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಜಿಲ್ಲೆಯಲ್ಲಿ ಎಲ್ಲಿ ಹುಂಜ ಕಾದಾಡಿಸುವ ಕೋಳಿ ಅಂಕ ನಡೆದರೂ ಮೊದಲ ಸಾಲಿನಲ್ಲಿ ಇವರು ಇರಬೇಕು. ಚೀಲ ಕಂಡದ್ದೇ ಅವರ ಕೈಯ ಪೇಪರು ಕಂಕುಳಿಗೆ ಹೋಯಿತು.

"ಎಂತ ಕಿಶನಾ, ಇಷ್ಟು ವರ್ಷ ಸಾಧು ಹಾಗೆ ಇದ್ದದ್ದು ನಾಟಕವಾ?"

"ಶಾಲೆಗೆ ಚೆನ್ನಪ್ಪಣ್ಣ."

"ಹೌದು ಹೌದು. ಎಲ್ಲರೂ ಶಾಲೆಗೇ ಹೋಗುದು." ಒಂದು ಕಣ್ಣು ಮುಚ್ಚಿ ತೆರೆದರು. ಹುಂಜದ ಗಲ್ಲ ಎತ್ತಿ ನೋಡಿದರು, ಚೀಲದೊಳಗೆ ಕೈ ತೂರಿಸಿ ರೆಕ್ಕೆಯ ಕೆಳಗೆ ಬೆರಳು ಆಡಿಸಿದರು. "ಒಳ್ಳೆ ಮಾಲು. ಶನಿವಾರ ಕೆಂಪು ಕೋಳಿಯನ್ನು ಉತ್ತರಕ್ಕೆ ಮುಖ ಮಾಡಿ ಬಿಡ್ಬೇಕು, ಸೋಲುವ ಪ್ರಶ್ನೆಯೇ ಇಲ್ಲ. ಬಾಳು ಎಡಗಾಲಿಗೆ ಕಟ್ಟು."

"ಬಾಳು ಅಂದ್ರೆ?" ಎಂದ ದಿಶಾಂತ್.

"ಇಷ್ಟುದ್ದದ ಚೂರಿ ಮಗಾ. ಕೋಳಿ ಕಾಲಿಗೆ ಕಟ್ಟುದು. ಒಂದೇ ಒದೆ, ಎದುರಿನದ್ದು ಮಲಗಿತು."

"ಅವನಿಗೆ ಅದೆಲ್ಲ ಯಾಕೆ," ಎಂದು ಕಿಶನ್ ಮಗನ ಕೈ ಎಳೆದ. ಮಗನ ತಲೆ ಮಾತ್ರ ಹಿಂದಕ್ಕೇ ತಿರುಗಿತ್ತು.

ಶಾಲೆ ಇದ್ದದ್ದು ಪೇಟೆಯಿಂದ ನಾಲ್ಕು ಮೈಲಿ ಆಚೆ. ದಿನಾ ಕರೆದುಕೊಂಡು ಹೋಗುವ ಸಿದ್ದೀಕನ ಆಟೋದಲ್ಲಿ ಆರು ಮಕ್ಕಳು. ಹುಂಜದ ಜೊತೆ ಆರು ಮಕ್ಕಳನ್ನು ಕೂರಿಸಲಿಕ್ಕೆ ಆಗುವುದಿಲ್ಲವೆಂದು ಅವನು ಉಳಿದವರನ್ನು ಶಾಲೆಗೆ ಬಿಟ್ಟು ಎರಡನೇ ಟ್ರಿಪ್ಪಿಗೆ ಬಂದ. ಬರುವಾಗಲೇ ಒಂದು ಸುದ್ದಿ ತಂದಿದ್ದ.

"ಇವತ್ತು ಈ ಕಡೆ ಎಲ್ಲಿಯೋ ರಬ್ಬರ್ ತೋಟದಲ್ಲಿ ಭಾರೀ ಅಂಕ ಉಂಟಂತೆ ಕಿಶನಣ್ಣ. ಜಾಗ ಯಾರಿಗೂ ಗೊತ್ತಿಲ್ಲ. ಪೊಲೀಸರ ಹೆದರಿಕೆಯಲ್ಲಿ ಗುಟ್ಟು ಮಾಡಿದಾರೆ."

"ನಮಗೆ ಎಂತಕ್ಕೆ ಅದು. ನೀನು ಹೋಗು, ಲೇಟಾಯ್ತು."

ಒಂದು ಮೈಲಿ ಹೋಗಿರಬಹುದು. ಸಿದ್ದೀಕ್ ಕನ್ನಡಿ ನೋಡಿ, "ಹಿಂದೆ ಒಮ್ಮೆ ನೋಡಿ," ಎಂದ. ಎರಡು ಬೈಕು ಬರುತ್ತಿದ್ದವು. ಹಿಂದೆ ಕೂತವರ ಮಡಿಲಲ್ಲಿ ಒಂದೊಂದು ಚೀಲ, ಚೀಲಕ್ಕೊಂದು ಕೊಕ್ಕು. ಇನ್ನರ್ಧ ಮೈಲಿಗೆ ಬೈಕು ಐದಾದವು. ಆಟೋ ನಿಧಾನ ಮಾಡಿದರೆ ಅವೂ ನಿಧಾನ. ಆಟೋ ಓಡಿದರೆ ಅವೂ ಓಟ. ಹುಂಜ ಹಿಡಿದು ಹೊರಟವನಿಗೆ ಜಾಗ ಗೊತ್ತಿಲ್ಲದೆ ಇರುತ್ತದೆಯೇ ಎಂಬ ಲೆಕ್ಕದಲ್ಲಿ, ಜಾಗ ತಿಳಿಯದ ಇಡೀ ಮಂದಿ ಕಿಶನನ ಬೆನ್ನು ಹಿಡಿದಿದ್ದರು.

ಒಬ್ಬ ಬೈಕನ್ನು ಆಟೋದ ಪಕ್ಕಕ್ಕೆ ತಂದು ಬಗ್ಗಿ ಕೇಳಿದ. "ಅಣ್ಣ, ಜಾಗ ಎಲ್ಲಿ?"

"ಶಾಲೆಗೆ ಹೋಗುದು ಮಾರಾಯ್ರೆ."

"ಶಾಲೆಯಲ್ಲಿಯಾ?" ಅವನು ಮೆಚ್ಚುಗೆಯಿಂದ ತಲೆ ತೂಗಿದ. "ಒಳ್ಳೆ ತಲೆ. ಯಾರಿಗೂ ಡೌಟೇ ಬರುದಿಲ್ಲ."

"ಅಲ್ಲ ಅಲ್ಲ, ಎರಡನೇ ಕ್ಲಾಸಿಗೆ."

"ಕ್ಲಾಸಿನ ಒಳಗೆಯಾ? ಜಾಗ ಸಾಕಾಗ್ತದಾ?" ಎನ್ನುತ್ತಾ ಅವನು ಹಿಂದೆ ಸರಿದು ಉಳಿದವರಿಗೆ ಕೂಗಿ ಹೇಳಿದ. ಎಲ್ಲರೂ ಹೆಬ್ಬೆರಳು ಎತ್ತಿದರು. ಇನ್ನೊಬ್ಬ ಮುಂದೆ ಬಂದು ದಿಶಾಂತನ ಕೆನ್ನೆ ಹಿಂಡಿ, "ಸೋತ ಕೋಳಿ ಗೆದ್ದವರಿಗೆ ಮಗಾ, ಇವತ್ತು ನಿಮ್ಮ ಮನೆಯಲ್ಲಿ ಊಟಕ್ಕೆ ಕೋಳಿ ಸುಕ್ಕ," ಎಂದು ಹಲ್ಲು ಬಿಟ್ಟ.

ಕಿಶನನಿಗೆ ಹೇಳಬೇಕಾದದ್ದು ಬಹಳ ಇತ್ತು. ಅದು ಗಂಟಲಿನ ತನಕ ಬಂದು, ಅಂಗಡಿಯ ಸೀರೆಯ ಹಾಗೆಯೇ, ನೀಟಾಗಿ ಮಡಚಿಕೊಂಡು ಒಳಗೆ ಹೋಯಿತು.

ತಿರುವಿನಾಚೆ ಪೊಲೀಸ್ ಜೀಪು ನಿಂತಿತ್ತು. ಹನಿ ಬಿದ್ದ ಕೂಡಲೇ ಅಂಗಳದ ಹಪ್ಪಳ ಮಾಯವಾಗುವಂತೆ ಐದೂ ಬೈಕು ಕ್ಷಣದಲ್ಲಿ ಕಾಣದಾದವು. ಒಂದು ತೋಡಿನ ಬದಿಗೆ ಇಳಿಯಿತು, ಒಂದು ಯಾರದೋ ಮನೆಯ ದನದ ಹಟ್ಟಿಗೆ ನುಗ್ಗಿತು. ಉಳಿದದ್ದು ಆಟೋ ಒಂದೇ.

ಪೊಲೀಸರು ಒಬ್ಬರೇ ಇದ್ದರು. ಕನ್ನಡಕ ಹಾಕಿದ, ಬೆಳಗಿನಿಂದ ಚಹಾ ಕಾಣದ ಮುಖ.

"ಎಂತ ಅದು ಚೀಲದಲ್ಲಿ?"

ಅಂಗಡಿಯ ಚೀಲ. ಹನ್ನೊಂದು ವರ್ಷದ ಅಭ್ಯಾಸ. ಕಿಶನನ ಬಾಯಿಂದ ತಾನಾಗಿಯೇ ಬಂತು. "ಸೀರೆ ಸರ್."

ಹುಂಜ ಕತ್ತು ಚಾಚಿ, ಕಣ್ಣು ಮುಚ್ಚಿ, ಊರಿಗೇ ಕೇಳುವಂತೆ ಕೂಗಿತು.

"ಕಾಟನ್ನಾ, ಸಿಲ್ಕಾ?" ಎಂದರು ಪೊಲೀಸರು.

ಕಿಶನ್ ಎಲ್ಲ ಹೇಳಿದ. ಅಂದರೆ, ಹೇಳಲು ನೋಡಿದ. ಶಾಲೆ ಮೊದಲು ಬಂತು, ಆಮೇಲೆ ಕದೀಜಮ್ಮ, ಆಮೇಲೆ ಟೀಚರು, ಮತ್ತೆ ಶಾಲೆ. ಪೊಲೀಸರು ಅವನ ಕೈ ತಿರುಗಿಸಿ ಗಾಯ ನೋಡಿದರು.

"ಇದು ಬಾಳು ಕಟ್ಟುವಾಗ ಆದದ್ದಾ?"

"ಅಲ್ಲ ಸರ್, ಹಿಡಿಯುವಾಗ." ಅವನು ಫೋನು ತೆಗೆದು ಟೀಚರ ಮೆಸೇಜು ತೋರಿಸಿದ.

ಅವರು ಕನ್ನಡಕ ಏರಿಸಿ ಓದಿದರು. "ಚಿತ್ರ ತಂದರೂ ಸಾಕು ಅಂತ ಬರ್ದಿದಾರಲ್ಲ. ನೀವು ಜೀವ ಇದ್ದದ್ದೇ ಹಿಡ್ಕೊಂಡು ಹೊರಟದ್ದು ಎಂತಕ್ಕೆ? ಮಗುವನ್ನು ಮುಂದೆ ಕೂರಿಸಿ ಕೋಳಿ ಸಾಗಿಸುದು ಈಗ ಶುರುವಾದದ್ದಾ?" ದಿಶಾಂತನ ಕಡೆ ಬಗ್ಗಿದರು. "ನೀನು ಹೇಳು ಪುಟ್ಟ. ಕೋಳಿ ಎಲ್ಲಿಗೆ?"

ದಿಶಾಂತ್ ತನ್ನ ಬೂಟು ನೋಡಿದ. ಪೊಲೀಸರ ಬೂಟನ್ನೂ ನೋಡಿದ.

"ಅವನು ಹೊರಗಿನವರ ಹತ್ರ ಮಾತಾಡುದಿಲ್ಲ ಸರ್," ಎಂದ ಸಿದ್ದೀಕ್. "ಒಂದೂವರೆ ವರ್ಷ ನನ್ನ ಆಟೋದಲ್ಲಿ ಬರ್ತಾನೆ. ನನ್ನ ಹಾರನ್ನೇ ಅವನಿಗಿಂತ ಜಾಸ್ತಿ ಮಾತಾಡಿದೆ."

"ಹಾಗಾದರೆ ಐದು ವಾಕ್ಯ ಯಾರು ಹೇಳುದು? ಕೋಳಿಯಾ?" ಪೊಲೀಸರು ಫೋನು ವಾಪಸು ಕೊಟ್ಟರು. "ಸರಿ. ನಾನೂ ಶಾಲೆಗೆ ಬರ್ತೇನೆ. ನಿಮ್ಮ ಮಗ ಟೀಚರ ಮುಂದೆ ಈ ಕೋಳಿ ಬಗ್ಗೆ ಐದು ವಾಕ್ಯ ಹೇಳಿದರೆ ನೀವು ಹೇಳಿದ್ದು ಸತ್ಯ. ಇಲ್ಲದಿದ್ದರೆ ಕೋಳಿ, ನೀವು ಇಬ್ಬರೂ ಠಾಣೆಗೆ."

ಆಟೋ ಮುಂದೆ, ಜೀಪು ಹಿಂದೆ. ದಾರಿಯುದ್ದಕ್ಕೂ ಕಿಶನ್ ಮಗನ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡಿದ್ದ. "ಹೆದರಿಕೆ ಆದರೆ ಬೇಡ ದಿಶು," ಎಂದ ಮೆಲ್ಲಗೆ. "ಮಾತಾಡದಿದ್ರೂ ಪಪ್ಪ ಬೈಯುದಿಲ್ಲ." ಆ ಮಾತು ಹೇಳುವಾಗ ಅವನಿಗೆ ಠಾಣೆಯ ಬೆಂಚು ಕಣ್ಣಿಗೆ ಕಟ್ಟಿತ್ತು. ಆದರೂ ಹೇಳಿದ.

ಎರಡನೇ ಕ್ಲಾಸು ಸಂತೆಯಾಗಿತ್ತು. ಅಫ್ರೀದ್ ತಂದ ಆಡಿನ ಮರಿ ಗೋಡೆಯ ಮೇಲಿನ ಕಾಗುಣಿತದ ಚಾರ್ಟನ್ನು ಕ ಯಿಂದ ಕೀ ತನಕ ತಿಂದು ಮುಗಿಸಿತ್ತು. ಜುವೈರಿಯಾಳ ಬಾಟಲಿಯಲ್ಲಿ ಎರಡು ಮೀನು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕು, ಅದರ ಕಣ್ಣು ಬಾಟಲಿಯ ಮೇಲೆ. ಬಾಗಿಲಲ್ಲಿ ಖಾಕಿ ಕಂಡದ್ದೇ ಗಲಾಟೆ ನಿಂತಿತು. ಮುಂದಿನ ಬೆಂಚಿನ ಒಂದು ಹುಡುಗಿ ಎದ್ದು ಕೇಳಿದಳು. "ಟೀಚರ್, ಪೊಲೀಸ್ ಮಾಮನನ್ನು ತಂದದ್ದು ಯಾರು?"

ನಶೀದಾ ಟೀಚರು ವಿಷಯ ಕೇಳಿ ತಿಳಿದುಕೊಂಡರು. ಅವರ ಮುಖವೂ ಬಿಳುಚಿತು. ಆದರೂ ದಿಶಾಂತನ ಮುಂದೆ ಮಂಡಿಯೂರಿ ಕೂತು, ಅವನ ಕಾಲರು ಸರಿ ಮಾಡಿ, "ನಿನಗೆ ಮನಸ್ಸಿದ್ದರೆ ಮಾತ್ರ ಪುಟ್ಟ," ಎಂದರು. ಹುಂಜವನ್ನು ಮೇಜಿನ ಮೇಲೆ ಇಟ್ಟರು.

ದಿಶಾಂತ್ ನಿಂತ. ಕ್ಲಾಸು ಕಾಯಿತು. ಪೊಲೀಸರು ಗಡಿಯಾರ ನೋಡಿದರು. ಕಿಶನ್ ಕಣ್ಣು ಮುಚ್ಚಿಕೊಂಡ.

"ಇದು ಕೋಳಿ."

ಸಣ್ಣ ದನಿ, ಆದರೆ ಕೊನೆಯ ಬೆಂಚಿಗೂ ಕೇಳಿತು. ಟೀಚರು ಸೆರಗಿನ ತುದಿಯಿಂದ ಬಾಯಿ ಒತ್ತಿಕೊಂಡರು.

"ಇದಕ್ಕೆ ಎರಡು ಕಾಲು ಇವೆ." ಅವನು ಮೇಜಿನ ಹತ್ತಿರ ಹೋಗಿ ಕಾಲು ಮುಟ್ಟಿ ತೋರಿಸಿದ. ಅಲ್ಲಿಗೆ ಅಮ್ಮ ಕಲಿಸಿದ್ದು ಮುಗಿಯಿತೋ ಮರೆತುಹೋಯಿತೋ, ದೇವರೇ ಬಲ್ಲ. "ಬಾಳು ಕಟ್ಟುದು ಈ ಎಡಗಾಲಿಗೆ. ಬಾಳು ಅಂದ್ರೆ ಇಷ್ಟುದ್ದದ ಚೂರಿ. ಶನಿವಾರ ಕೆಂಪು ಕೋಳಿಯನ್ನು ಉತ್ತರಕ್ಕೆ ಮುಖ ಮಾಡಿ ಬಿಡ್ಬೇಕು. ಸೋತ ಕೋಳಿ ಗೆದ್ದವರಿಗೆ. ಅದನ್ನು ಸುಕ್ಕ ಮಾಡುದು. ಇದು ನಮ್ಮ ಕೋಳಿ ಅಲ್ಲ, ಕದೀಜಮ್ಮನದ್ದು. ಪೊಲೀಸ್ ಮಾಮ ಕೇಳಿದ್ರೆ ಸೀರೆ ಅಂತ ಹೇಳುದು." ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡ. "ನನಗೆ ಕೋಳಿ ಇಷ್ಟ."

ಮಕ್ಕಳು ಬೆಂಚು ಬಡಿದು ಚಪ್ಪಾಳೆ ಹೊಡೆದರು. ಆಡಿನ ಮರಿ ಕೂಗಿತು. ಅಫ್ರೀದ್ ಎದ್ದು, "ಉತ್ತರ ಯಾವ ಕಡೆ?" ಎಂದು ಕೇಳಿದ. ದಿಶಾಂತ್ ಕಿಟಕಿಯ ಕಡೆ ಕೈ ಮಾಡಿ ತೋರಿಸಿದ್ದಲ್ಲದೆ, ಅದು ಹೇಗೆ ಗೊತ್ತಾಗುತ್ತದೆಂದು ವಿವರಿಸಲೂ ಶುರು ಮಾಡಿದ.

ಟೀಚರು ಕಣ್ಣೊರೆಸಿಕೊಂಡು ಕಿಶನನ ಹತ್ತಿರ ಬಂದರು. "ಹತ್ತು ವಾಕ್ಯ ಕಿಶನಣ್ಣ, ನಾನು ಎಣಿಸಿದೆ. ವಿಷಯ ಸ್ವಲ್ಪ ಅದು... ಮತ್ತೆ ತಿದ್ದುವ."

ಕಿಶನನಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಸುಪ್ರಿತಾಳಿಗೆ ಫೋನ್ ಮಾಡಬೇಕು. ಹತ್ತು ವಾಕ್ಯ ಎಂದು ಮೊದಲು ಹೇಳಬೇಕು. ಠಾಣೆಯ ಸಂಗತಿ ಆಮೇಲೆ ಹೇಳಿದರಾಯಿತು. ಅವನು ಪೊಲೀಸರ ಹಿಂದೆ ತಾನಾಗಿಯೇ ಜಗಲಿಗೆ ನಡೆದ.

ಪೊಲೀಸರು ಕಿಸೆಯಿಂದ ಪುಸ್ತಕ ತೆಗೆದರು. ಹೆಸರು ಬರೆದರು, ಅಪ್ಪನ ಹೆಸರು ಬರೆದರು. ಆಮೇಲೆ ಪೆನ್ನು ನಿಂತಿತು. ಟೋಪಿ ತೆಗೆದು ಜಗಲಿಯ ಕಟ್ಟೆಯ ಮೇಲೆ ಕೂತರು.

"ಇವನು ನಿಜವಾಗಿ ಒಂದೂವರೆ ವರ್ಷ ಮಾತಾಡಿರಲಿಲ್ಲವಾ?"

"ಇಲ್ಲ ಸರ್."

"ಕೋಳಿ ಕಂಡ ಮೇಲೆ ಮಾತಾಡಿದ್ದು?"

"ಹೌದು ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ನನ್ನ ಮಗಳು ಒಂದನೇ ಕ್ಲಾಸು. ಸಂಪಾಜೆಯಲ್ಲಿ, ಅವಳ ಅಜ್ಜಿ ಮನೆಯಲ್ಲಿ ಇದ್ದು ಹೋಗುದು. ಮನೆಯಲ್ಲಿ ಬಾಯಿ ಮುಚ್ಚುದಿಲ್ಲ, ಶಾಲೆಯಲ್ಲಿ ಕಲ್ಲು. ಟೀಚರು ಬರೆದು ಕಳಿಸಿದ ಚೀಟಿಯೇ ಏಳೆಂಟು ಉಂಟು." ಬರೆದ ಹಾಳೆಯನ್ನು ಹರಿದು ಮಡಚಿ ಕಿಸೆಗೆ ಹಾಕಿದರು. "ನೀವು ಹೋಗಿ. ಈ ಕೋಳಿ ಮಾತ್ರ ನನ್ನ ಹತ್ರ ಇರಲಿ. ಸೋಮವಾರ ಅವಳ ಶಾಲೆಗೆ ತೆಗೆದುಕೊಂಡು ಹೋಗಿ ನೋಡ್ತೇನೆ. ಮಂಗಳವಾರ ನಿಮ್ಮ ಅಂಗಡಿಗೇ ತಂದು ಕೊಡ್ತೇನೆ."

ಕದೀಜಮ್ಮ, ಮಧ್ಯಾಹ್ನ, ಹೇಂಟೆಗಳು, ಎಲ್ಲ ಹೇಳಬೇಕೆಂದು ಕಿಶನ್ ಬಾಯಿ ತೆರೆದ. ಎದುರಿಗಿದ್ದ ಮನುಷ್ಯನ ಮುಖ ನೋಡಿದ. ತಾನು ದಿನಾ ಬೆಳಿಗ್ಗೆ ಶೇವ್ ಮಾಡುವಾಗ ಕನ್ನಡಿಯಲ್ಲಿ ಕಾಣುವ ಮುಖವೇ ಅದು. ಬಾಯಿ ಮುಚ್ಚಿಕೊಂಡು ತಲೆ ಆಡಿಸಿದ.

ಜೀಪು ಹೊರಟಿತು. ಮುಂದಿನ ಸೀಟಿನಿಂದ ಹುಂಜ ಕತ್ತು ಹೊರಗೆ ಹಾಕಿ ಶಾಲೆಯ ಕಡೆ ಒಮ್ಮೆ ನೋಡಿತು.

ಹನ್ನೆರಡಕ್ಕೆ ಶಾಲೆ ಬಿಟ್ಟಾಗ ಸಿದ್ದೀಕ್ ಉಳಿದ ಮಕ್ಕಳ ಜೊತೆ ಇವರಿಬ್ಬರನ್ನೂ ಕೂರಿಸಿಕೊಂಡು ಬಂದು ಓಣಿಯ ಬಾಯಲ್ಲಿ ಇಳಿಸಿದ. ಆಟೋದಲ್ಲಿ ಬೇರೆ ಯಾವ ಮಗುವಿಗೂ ಮಾತಾಡಲು ಎಡೆ ಸಿಕ್ಕಿರಲಿಲ್ಲ. ದಿಶಾಂತ್ ಓಣಿಯಲ್ಲಿ ನಡೆಯುವಾಗಲೂ ಮಾತಾಡುತ್ತಿದ್ದ. ಕಿಶನ್ ಮನಸ್ಸಿನಲ್ಲೇ ವಾಕ್ಯ ಕೂಡಿಸುತ್ತಿದ್ದ. ಕದೀಜಮ್ಮ, ಒಂದು ಸಣ್ಣ ವಿಷಯ ಉಂಟು. ಅಲ್ಲ. ಕದೀಜಮ್ಮ, ನಿಮ್ಮ ಕೋಳಿ ಕ್ಷೇಮ. ಅದೂ ಅಲ್ಲ. ದೂರದಲ್ಲಿ ಅವರು ಗೇಟಿನ ಹತ್ತಿರ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಕಾಲ ಸುತ್ತ ಏಳು ಹೇಂಟೆ.

"ಪಪ್ಪ, ನಿಮಗೆ ಹೆದರಿಕೆ ಆಗ್ತದಾ?" ಎಂದ ಮಗ.

"ಸ್ವಲ್ಪ."

"ಹೆದರಿಕೆ ಆದರೆ ನೀವು ಮಾತಾಡುದು ಬೇಡ. ನಾನು ಹೇಳ್ತೇನೆ."

"ಎಂತ ಹೇಳ್ತಿ ದಿಶು?"

"ಕೋಳಿಯನ್ನು ಪೊಲೀಸ್ ಮಾಮ ಜೀಪಲ್ಲಿ ಹಾಕಿಕೊಂಡು ಹೋದ್ರು. ಪಪ್ಪ ಸುಮ್ಮನೆ ನೋಡ್ತಾ ನಿಂತಿದ್ರು. ಬೇಡ ಅಂತ ಹೇಳ್ಲೇ ಇಲ್ಲ."

ಇದರಲ್ಲಿ ತಿದ್ದುವುದು ಏನೆಂದು ಕಿಶನ್ ಹುಡುಕಿದ. ಸುಳ್ಳು ಒಂದಕ್ಷರವೂ ಸಿಗಲಿಲ್ಲ. ಅವನು ಯೋಚಿಸುತ್ತಿರುವಾಗಲೇ ಮಗ ಕೈ ಬಿಡಿಸಿಕೊಂಡು, "ಕದೀಜಮ್ಮಾ," ಎಂದು ಓಣಿಗೆಲ್ಲ ಕೇಳುವಂತೆ ಕರೆಯುತ್ತಾ ಮುಂದೆ ಓಡಿದ.